ತಿರುವಿಟ್ಟ ಲೆನ್ಸು

"ಮಾಸ್ತರ, ನನ್ನ ಮಗಳ ಗದ್ದದ ಮ್ಯಾಲಿನ ಮಚ್ಚಿ ಎಲ್ಲಿ ಹೋತ್ರಿ?"

ಜಮಾಲಬಿ ಫೋಟೋವನ್ನು ಸ್ಟುಡಿಯೋದ ಮೇಜಿನ ಮೇಲಿಟ್ಟು ಅದರ ಮೇಲೆ ಬೆರಳೂರಿ ನಿಂತಿದ್ದಳು. ಜಯತೀರ್ಥ ಹಣೆಗೇರಿಸಿದ್ದ ಕನ್ನಡಕವನ್ನು ಕೆಳಗಿಳಿಸಿ ನೋಡಿದ. ಮದುಮಗಳ ಮುಖ ಬೂದಿ ಹಚ್ಚಿ ತಿಕ್ಕಿ ತೊಳೆದ ಬೋಗುಣಿಯಂತಿತ್ತು. ಕಲೆಯಿಲ್ಲ, ಮೊಡವೆಯಿಲ್ಲ, ಮಚ್ಚೆಯೂ ಇಲ್ಲ.

"ಅತ್ತಿ ಮನ್ಯಾಗ ಎಲ್ಲಾರೂ ನಕ್ಕರ್ರಿ. ಇದು ಯಾರ ಹುಡುಗಿ ಅಂತ ಕೇಳಿದ್ರು. ಆ ಮಚ್ಚಿ ಅಕಿ ಅಜ್ಜಿಗಿ ಇತ್ತು. ನಮ್ಮ ಮಂದಿ ಅದನ್ನ ಬರಕತ್, ದೇವರ ಕೃಪಾ ಅಂತೈತಿ. ನೀವು ನೋಡಿದ್ರ ಒರಿಸೇ ಬಿಟ್ಟೀರಿ."

"ಔಷಧದ ತಪ್ಪವ್ವಾ. ಪ್ಲೇಟ್ ತೊಳಿಯೂವಾಗ ಹಂಗಾಗ್ತದ. ಇನ್ನೊಂದು ಮಾಡಿಕೊಡ್ತೀನಿ, ನಾಡಿದ್ದು ಬಾ."

ಪರದೆಯ ಹಿಂದೆ ಕುಳಿತಿದ್ದ ಅವನ ಹೆಂಡತಿ ಲೀಲಾಬಾಯಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳ ಕೈಯಲ್ಲಿದ್ದ ಪೆನ್ಸಿಲ್ಲು ಯಾರದೋ ಕೆನ್ನೆಯ ಮೇಲೆ ಹಾಗೇ ನಿಂತಿತು. ಔಷಧದ ತಪ್ಪಲ್ಲ ಎಂಬುದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆ ಮಚ್ಚೆಯನ್ನು ಪ್ಲೇಟಿನ, ಎಂದರೆ ಗಾಜಿನ ನೆಗೆಟಿವ್‌ನ, ಮೇಲೆ ಕೂತ ಧೂಳೆಂದು ತಿಳಿದು ಅವಳೇ ಪೆನ್ಸಿಲ್ಲಿನಿಂದ ಮುಚ್ಚಿದ್ದಳು. ಹುಡುಗಿ ಫೋಟೋಕ್ಕೆ ಕೂತ ದಿನ ಎಂದಿನಂತೆ ಪರದೆಯ ಸಂದಿಯಿಂದ ಅವಳ ಮುಖವನ್ನು ನೋಡಿದ್ದಳು ಕೂಡ. ನೋಡಿದ್ದಳು, ಆದರೆ ಕಂಡಿರಲಿಲ್ಲ.

ಜಮಾಲಬಿ ಹೋದ ಮೇಲೆ ಜಯತೀರ್ಥ ಪರದೆ ಸರಿಸಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. ಬೈಯುವುದಕ್ಕೂ ಸ್ವಲ್ಪ ಕಸುವು ಬೇಕಾಗುತ್ತದೆ.

"ಇದು ಮೊದಲನೇದಲ್ಲ, ಲೀಲಾ."

"ರಾತ್ರಿ ಸರಿ ನಿದ್ದಿ ಹತ್ತಿರಲಿಲ್ರಿ," ಎಂದಳು ಅವಳು.

ನರಗುಂದದ ಗುಡ್ಡದ ಕೆಳಗೆ, ಕಾಳಿನ ಪೇಟೆಯ ಮೂಲೆಯಲ್ಲಿದ್ದ ಆ ಸ್ಟುಡಿಯೋ ಜಯತೀರ್ಥನ ಅಪ್ಪನ ಕಾಲದ್ದು. ಉದ್ದ ಮಡಿಕೆಗಳ ಕರಿತೊಗಲಿನ ಹೊಟ್ಟೆಯ ದೊಡ್ಡ ಕ್ಯಾಮೆರಾ, ಬಡಗು ದಿಕ್ಕಿಗೆ ಗಾಜಿನ ಕಿಟಕಿ, ಗೋಡೆಗೆ ಬಣ್ಣ ಬಳಿದ ಅರಮನೆ, ಎಲ್ಲವೂ ಅವರದೇ. ಲೀಲಾಬಾಯಿ ರೋಣದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಅವಳು ತುಳಸಿಕಟ್ಟೆಯ ಮುಂದೆ ಹಾಕಿದ ರಂಗೋಲಿಯ ಚುಕ್ಕಿಗಳನ್ನು ಮಾವ ನೋಡಿದ್ದರು. ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲವಂತೆ. "ಈ ಕೈ ಬರೇ ಒಲಿ ಮುಂದ ಇದ್ರ ಪಾಪ ಹತ್ತೀತು," ಎಂದು ಅವಳನ್ನು ಇಳಿಜಾರು ಮೇಜಿನ ಮುಂದೆ ಕೂರಿಸಿದರು. ಮೇಜಿನ ನಡುವೆ ಗಾಜು, ಕೆಳಗೆ ಕನ್ನಡಿ. ಕನ್ನಡಿಯ ಬೆಳಕು ಗಾಜಿನ ಮೇಲಿಟ್ಟ ನೆಗೆಟಿವ್‌ನ ಮೂಲಕ ಮೇಲೆ ಬರುತ್ತದೆ. ನೆಗೆಟಿವ್‌ನಲ್ಲಿ ಲೋಕ ತಿರುವುಮುರುವು. ಕರಿದೆಲ್ಲ ಬಿಳಿದು, ಬಿಳಿದೆಲ್ಲ ಕರಿದು. ಮುಖದ ಮೇಲಿನ ಕಲೆ ಹೋಗಬೇಕಾದರೆ ಪೆನ್ಸಿಲ್ಲಿನಿಂದ ತುಂಬಬೇಕು. ಫೋಟೋದಲ್ಲಿ ಬೆಳ್ಳಗೆ ಬೀಳುವ ಕಲೆಯನ್ನು ತೆಗೆಯಬೇಕಾದರೆ ಸಣ್ಣ ಕತ್ತಿಯಿಂದ ಹೆರೆಯಬೇಕು. ಮಾವ ಕಲಿಸಿದ್ದು ಇಷ್ಟೇ. ಉಳಿದದ್ದನ್ನು ಕೈ ತಾನೇ ಕಲಿತುಕೊಂಡಿತು. ಮಗಳು ಹುಟ್ಟಿ, ಬೆಳೆದು, ಗಜೇಂದ್ರಗಡಕ್ಕೆ ಗಂಡನ ಮನೆಗೆ ಹೋದದ್ದೂ ಆಯಿತು. ಅಡಿಗೆಮನೆ ಅತ್ತೆಯದಾಗಿತ್ತು, ದೇವರಮನೆ ಮಾವನದು, ಅಂಗಡಿ ಗಂಡನದು. ಆ ಇಳಿಜಾರು ಮೇಜೊಂದು ಮಾತ್ರ ಅವಳದಾಗಿತ್ತು.

ಹೋದ ಮಳೆಗಾಲದಿಂದ ಬಲಗಣ್ಣಿನಲ್ಲಿ ಮಂಜು ಕೂತಿತ್ತು. ಮೊದಮೊದಲು ಒಲೆಯ ಹೊಗೆ ಎಂದುಕೊಂಡಳು. ಆಮೇಲೆ ದೀಪದ ಸುತ್ತ ಬೆಳಕಿನ ಎಳೆಗಳು ಗಡ್ಡದಂತೆ ಬೆಳೆದವು. ದಿನಾ ಮುಂಜಾನೆ ಯಾರೂ ಇಲ್ಲದಾಗ ಎಡಗಣ್ಣು ಮುಚ್ಚಿಕೊಂಡು ಹಿತ್ತಲಿನ ಗೋಡೆಯಾಚೆ ಗುಡ್ಡವನ್ನು ನೋಡುತ್ತಿದ್ದಳು. ಕೋಟೆಯ ಗೋಡೆ ಯಾವುದು, ಬಂಡೆ ಯಾವುದು ಎಂಬುದು ದಿನದಿನಕ್ಕೆ ಕಲಸಿಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಹೇಳದಿರುವುದಕ್ಕೆ ಅವಳ ತಾಯಿ ಕಾರಣ. ಭಾಗೀರಥಿಬಾಯಿಗೂ ಹೀಗೇ ಆಗಿತ್ತು. ರೋಣದ ಮನೆಯಲ್ಲಿ ಯಾರೂ ಅವಳನ್ನು ಕಡೆಗಣಿಸಲಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಆದರೆ ಬರಬರುತ್ತ ಮನೆಯವರು ಅವಳ ಮುಂದೆಯೇ ಅವಳ ಮಾತಾಡತೊಡಗಿದರು. "ಇಕಿ ಉಂಡಳೇನು?" "ಇಕಿಗಿ ಆ ಸೀರಿ ಸಾಕು." ಕಣ್ಣು ಹೋದರೆ ಕಿವಿಯೂ ಹೋದಂತೆ ಎಂದು ಮಂದಿ ತಿಳಿಯುತ್ತಾರೆ. ಅವ್ವ ಕಂಬಕ್ಕೆ ಬೆನ್ನು ಹಚ್ಚಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಡೆಗೆ ತಾನೂ ಮಾತು ಬಿಟ್ಟಳು.

ಜಮಾಲಬಿ ಬಂದುಹೋದ ಆ ಚಳಿಗಾಲ ಕರ್ನಾಟಕ ಒಂದಾದ ಮರುವರ್ಷದ್ದು. ಬೇಸಾಯ ಇಲಾಖೆಯ ಅಧಿಕಾರಿ ಶ್ರೀಧರರಾಯರು ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದರು. ಅವರ ಹಿಂದೆ ಕೊಣ್ಣೂರಿನ ರೈತ ದ್ಯಾಮಪ್ಪ, ಹತ್ತಿಯ ಟೊಂಗೆಯೊಂದನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಬಂದಿದ್ದ.

"ಕಾಯಿ ಕೊರಿಯೂ ಹುಳದ ತತ್ತಿ ಇದು," ಎಂದರು ರಾಯರು ಎಲೆಯನ್ನು ತೋರಿಸಿ. "ತತ್ತಿ ಇದ್ದಾಗನ ಔಷಧ ಹೊಡೀರಿ ಅಂದ್ರ ರೈತರು ನಂಬೂದಿಲ್ಲ. ದೊಡ್ಡದು ಮಾಡಿ ತೋರಿಸಬೇಕು. ನಿಮಗ ಫೋಟೋ ತಗೀಲಿಕ್ಕೆ ಆಗ್ತದೇನು?"

"ನಂಬೂದು ಹ್ಯಾಂಗ್ರಿ ಸಾಹೇಬ್ರ?" ಎಂದ ದ್ಯಾಮಪ್ಪ. "ಸಾಸಿವಿಕಿಂತ ಸಣ್ಣದು ಐತಿ. ಇದು ನನ್ನ ಹತ್ತಿ ತಿಂತೈತಿ ಅಂದ್ರ ನಮ್ಮ ಮನಿಯಾಕಿನೂ ನಗತಾಳ."

ಜಯತೀರ್ಥ ಆಗುವುದಿಲ್ಲ ಎನ್ನುವವನಿದ್ದ. ಆದರೆ ಎಲೆಯನ್ನು ಕಿಟಕಿಗೆ ಹಿಡಿದು ನೋಡಿದವನು, ಅದ್ಯಾಕೋ, "ಇದನ್ನ ಎರಡು ದಿನ ಇಲ್ಲೇ ಬಿಟ್ಟು ಹೋಗ್ರಿ," ಎಂದ.

ವರ್ಷಗಟ್ಟಲೆ ಮದುವೆಯ ಗುಂಪುಗಳನ್ನೂ, ಕುರ್ಚಿಗೆ ಕಟ್ಟಿ ಕೂರಿಸಿದ ಹೆಣಗಳನ್ನೂ ತೆಗೆದು ತೆಗೆದು ಅವನ ಮುಖ ಬತ್ತಿಹೋಗಿತ್ತು. ಅಂಥವನು ಅಂದು ಊಟ ಮರೆತು ಅಟ್ಟ ಹತ್ತಿದ. ಅಪ್ಪನ ಹಳೆಯ ಮಡಚುವ ಕ್ಯಾಮೆರಾ ಒಂದು ಅಲ್ಲಿ ಕೆಟ್ಟು ಬಿದ್ದಿತ್ತು. ಅದರ ಬಾಗಿಲು ಕೂರುತ್ತಿರಲಿಲ್ಲ, ಚಕ್ಕಡಿಗಾಲಿಯಂತೆ ತಿರುಗುವ ಉಂಗುರ ತುಕ್ಕು ಹಿಡಿದಿತ್ತು. ಆದರೆ ಜರ್ಮನಿಯ ಪುಟ್ಟ ಲೆನ್ಸು ಇನ್ನೂ ನೀರಿನ ಹನಿಯಂತಿತ್ತು. ಅದನ್ನು ಬಿಚ್ಚಿ ತಂದು ದೊಡ್ಡ ಕ್ಯಾಮೆರಾದ ಮೂತಿಗೆ ಹಚ್ಚಿದ. ತಗಡಿನ ಕೆಲಸದ ನಿಜಾಮುದ್ದೀನನಿಂದ ಒಂದು ಬಳೆ ಮಾಡಿಸಿಕೊಂಡು, ಸಂದಿಗೆ ಅರಗು ತುಂಬಿದ. ಕ್ಯಾಮೆರಾದ ಹೊಟ್ಟೆಯನ್ನು ಪೂರಾ ಎಳೆದು, ಕರಿಬಟ್ಟೆಯೊಳಗೆ ತಲೆ ತೂರಿಸಿ ಹಿಂದಿನ ಮಸುಕು ಗಾಜನ್ನು ನೋಡಿದ. ತತ್ತಿ ದೊಡ್ಡದೇನೋ ಆಗಿತ್ತು. ಆದರೆ ನಡುವಿನಲ್ಲಿ ಮಾತ್ರ ಚೊಕ್ಕ. ಸುತ್ತಲೂ ಗಂಜಿ ಚೆಲ್ಲಿದಂತೆ.

ಮರುದಿನ ಲೀಲಾಬಾಯಿ ಡಬ್ಬಿಯಿಂದ ಬಾಟಲಿಗೆ ಎಣ್ಣೆ ಸುರಿಯುತ್ತಿದ್ದಳು. ಅವಳ ಕೈಯಲ್ಲಿದ್ದ, ಒಂದು ಬದಿ ಅಗಲ ಇನ್ನೊಂದು ಬದಿ ಕಿರಿದಾದ ಲಾಳಿಕೆಯನ್ನೇ ಅವನು ನೋಡುತ್ತ ನಿಂತ.

"ಈ ಲೆನ್ಸು ದೊಡ್ಡ ಲೋಕಾನ ಸಣ್ಣದು ಮಾಡಿ ಒಳಗ ಹಾಕ್ಲಿಕ್ಕೆ ಮಾಡಿದ್ದು," ಎಂದ, ತನಗೆ ತಾನೇ ಹೇಳಿಕೊಳ್ಳುವವನಂತೆ. "ನಾವು ಸಣ್ಣದನ್ನ ದೊಡ್ಡದು ಮಾಡಬೇಕಾಗೇದ. ಅಂದಮ್ಯಾಲ ಇದನ್ನ ತಿರುವಿ ಇಡಬೇಕಲ್ಲ? ಹಿಂದಿಂದು ಮುಂದ."

ಅರಗು ಕಾಯಿಸಿ ಲೆನ್ಸು ಬಿಡಿಸಿ, ಬೆನ್ನು ಹೊರಗೆ ಮಾಡಿ ಮತ್ತೆ ಕೂರಿಸಿದ. ಕನ್ನಡಿಯಿಂದ ಬಿಸಿಲನ್ನು ಎಲೆಯ ಮೇಲೆ ಬೀಳಿಸಿದ. ಆಮೇಲೆ ಕರಿಬಟ್ಟೆಯೊಳಗಿಂದ ಅವನು ಹಾಕಿದ ಕೂಗಿಗೆ ಲೀಲಾಬಾಯಿ ಎಣ್ಣೆಗೈಯಲ್ಲೇ ಓಡಿಬಂದಳು.

ಅವಳೂ ಬಟ್ಟೆಯೊಳಗೆ ತಲೆಯಿಟ್ಟಳು. ಮಸುಕು ಗಾಜಿನ ತುಂಬ ಒಂದು ತತ್ತಿ, ತಲೆಕೆಳಗಾಗಿ. ಅದಕ್ಕೆ ಕುಂಬಳಕಾಯಿಯಂತೆ ಮೇಲಿನಿಂದ ಕೆಳಗೆ ಇಳಿದ ಗೀರುಗಳಿದ್ದವು. ಗೀರು ಗೀರಿನ ನಡುವೆ ಮುತ್ತು ಪೋಣಿಸಿದ ಹಾಗೆ ಹೊಳಪು. ಎಷ್ಟೋ ತಿಂಗಳಿಂದ ಯಾವುದನ್ನೂ ಅವಳು ಇಷ್ಟು ಚೊಕ್ಕವಾಗಿ ಕಂಡಿರಲಿಲ್ಲ. ಎಣ್ಣೆಗೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಬಟ್ಟೆಯೊಳಗೆ ಕತ್ತಲಿದ್ದದ್ದು ಒಳ್ಳೆಯದೇ ಆಯಿತು.

ಶ್ರೀಧರರಾಯರು ಆ ಫೋಟೋ ನೋಡಿ ಅವನ ಕೈ ಕುಲುಕಿದರು. ದ್ಯಾಮಪ್ಪ ಬಹಳ ಹೊತ್ತು ನೋಡಿ, "ಏನ ಚೆಂದ ಐತ್ರಿ ಹಾಳಾದ್ದು," ಎಂದ.

ಅಂದಿನಿಂದ ಜಯತೀರ್ಥನಿಗೆ ಹುಚ್ಚು ಹತ್ತಿತು. ಉಪ್ಪಿನ ಹರಳು, ಸೂಜಿಯ ಕಣ್ಣು, ಸತ್ತ ಇರುವೆಯ ತಲೆ, ಜೋಳದ ತೆನೆಯ ಹೂವು. ಮನೆಯಲ್ಲಿ ಅವನ ಲೆನ್ಸಿನ ಮುಂದೆ ಹೋಗಿ ಬರದ ವಸ್ತುವೇ ಉಳಿಯಲಿಲ್ಲ. ಸತ್ತ ಇರುವೆಯ ಮುಖವನ್ನು ಅವನು ನೋಡುವಂತೆ ತನ್ನ ಮುಖವನ್ನು ಯಾವಾಗ ನೋಡಿದ್ದ ಎಂದು ಲೀಲಾಬಾಯಿ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ. ದಣಿವು ಸಿಟ್ಟನ್ನು ಕೂಡ ತಿಂದುಬಿಡುತ್ತದೆ.

ಒಂದು ಭಾನುವಾರ ಊಟವಾದ ಮೇಲೆ ಅವನೇ ಕರೆದ. "ಲೀಲಾ, ಇಲ್ಲಿ ಬಾ. ನಿನ್ನ ಕಣ್ಣು ತಗೀತೀನಿ."

ಅವಳು ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲೇ ನಿಂತಳು. "ಕಣ್ಣ್ಯಾಕ್ರಿ? ಪಾತ್ರಿ ಬಿದ್ದಾವ."

"ಜೀವಂತ ಕಣ್ಣು ತಗದ್ರ ಹ್ಯಾಂಗಿರ್ತದ ನೋಡಬೇಕು. ಒಂದ ಪ್ಲೇಟು. ಬಾ."

ಬೇಡವೆನ್ನಲು ಕಾರಣ ಬೇಕಿತ್ತು. ಕಾರಣ ಹೇಳಿದರೆ ಎಲ್ಲವನ್ನೂ ಹೇಳಿದಂತೆ. ಅವಳು ಬಂದು ಕುರ್ಚಿಯಲ್ಲಿ ಕುಳಿತಳು. ತಲೆ ಅಲುಗಾಡದಂತೆ ಹಿಂದಿನಿಂದ ಹಿಡಿಯುವ ಕಬ್ಬಿಣದ ಕವಲಿಗೆ ಅವನು ಅವಳ ತುರುಬನ್ನು ಒತ್ತಿಸಿದ. ಅವಳು ಮೆಲ್ಲಗೆ ಎಡಗೆನ್ನೆಯನ್ನು ಮುಂದೆ ಮಾಡಿದಳು.

"ಅದಲ್ಲ, ಬಲಗಡೇದು. ಬೆಳಕು ಆ ಕಡಿಂದ ಬರ್ತದ."

ಅವನ ಬೆರಳು ಅವಳ ಗದ್ದವನ್ನು ಹಿಡಿದು ತಿರುಗಿಸಿತು. ಹಗಲು ಬೆಳಕಿನಲ್ಲಿ ಅವನು ಅವಳ ಮುಖ ಮುಟ್ಟಿ ಎಷ್ಟು ಕಾಲವಾಗಿತ್ತೋ. ಬೆರಳಿಗೆ ಔಷಧದ ಹುಳಿವಾಸನೆ. ಕರಿಬಟ್ಟೆಯೊಳಗೆ ಹೋಗುತ್ತಿದ್ದ, ಹೊರಗೆ ಬಂದು ಕುರ್ಚಿಯನ್ನು ಎಳ್ಳಷ್ಟು ಸರಿಸುತ್ತಿದ್ದ, ಮತ್ತೆ ಒಳಗೆ ಹೋಗುತ್ತಿದ್ದ. "ಉಸಿರು ಬಿಟ್ಟರೂ ಮಸುಕಾಗ್ತದ. ಹಿಡಕೋ." ಲೆನ್ಸಿನ ತಿರುವಿಟ್ಟ ಬೆನ್ನು ಅವಳ ರೆಪ್ಪೆಯ ಸಮೀಪಕ್ಕೆ ಬಂದಿತ್ತು. ಅವಳಿಗೆ ಅದು ಮಂಜಿನಲ್ಲಿ ನಿಂತ ಒಂದು ಕರಿಗುಂಡಾಗಿ ಕಾಣುತ್ತಿತ್ತು, ಅಷ್ಟೆ. ಈಗ ನೋಡುತ್ತಾನೆ, ಈಗ ಕೇಳುತ್ತಾನೆ ಎಂದು ಕಾಯುತ್ತ ಕುಳಿತಳು.

"ನಡುವ ಬೆಳ್ಳಗ ಏನೋ ಬಿದ್ದದ," ಎಂದಿತು ಬಟ್ಟೆಯೊಳಗಿನ ಧ್ವನಿ.

ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

"ಕಿಟಕಿ ಇರಬೇಕು. ಕಿಟಕಿ ಬೆಳಕು ಕಣ್ಣಾಗ ಬೀಳ್ತದ. ಇರ್ಲಿ, ಆಮ್ಯಾಲ ನೀನ ಹೆರದು ತಗದುಬಿಡು. ಈಗ ರೆಪ್ಪಿ ಹೊಡಿಬ್ಯಾಡ."

ಬಿಸಿಲು ಕಣ್ಣಿಗೆ ಬಿದ್ದು ನೀರು ತುಂಬಿತು. ಅವಳು ರೆಪ್ಪೆ ಹೊಡೆಯಲಿಲ್ಲ.

ಮರುದಿನ ಮಧ್ಯಾಹ್ನ ಆ ಪ್ಲೇಟು ಅವಳ ಮೇಜಿಗೆ ಬಂತು. ಜಯತೀರ್ಥ ಪೇಟೆಗೆ ಹೋಗಿದ್ದ. ಅವಳು ಎಡಗಣ್ಣನ್ನು ಗಾಜಿನ ಹತ್ತಿರ ತಂದು ನೋಡಿದಳು. ತನ್ನ ಕಣ್ಣು ಒಂದು ಊರಿನಷ್ಟು ದೊಡ್ಡದಾಗಿ ಬಿದ್ದಿತ್ತು. ರೆಪ್ಪೆಯ ಕೂದಲುಗಳು ಜಾಲಿಯ ಟೊಂಗೆಗಳಂತೆ. ಗುಡ್ಡೆಯ ಸುತ್ತ ದಾರದ ಎಳೆಗಳಂತೆ ಗೀರುಗಳು. ನಡುವಿನ ಪಾಪೆ ಫೋಟೋದಲ್ಲಿ ಕರ್ರಗೆ ಬೀಳುವಂಥದು; ಇಲ್ಲಿ ತಿಳಿಗಾಜಾಗಿ ಇರಬೇಕಿತ್ತು. ಅದರಲ್ಲಿ ಎರಡು ಕರಿ ಕಲೆಗಳಿದ್ದವು. ಮೇಲಿನದು ಸಣ್ಣದು, ಚೌಕವಾದದ್ದು, ಕಿಟಕಿಯ ಸರಳು ಕೂಡ ಎಣಿಸುವ ಹಾಗಿತ್ತು. ಇನ್ನೊಂದಕ್ಕೆ ಆಕಾರವಿರಲಿಲ್ಲ. ಹಾಲಿಗೆ ಹುಳಿ ಬಿದ್ದಾಗ ಒಡೆದು ನಿಲ್ಲುತ್ತದಲ್ಲ, ಹಾಗೆ ಪಾಪೆಯ ನಡುವೆ ಹರಡಿಕೊಂಡಿತ್ತು.

ಇದೇನಾ, ಎಂದುಕೊಂಡಳು. ಇಷ್ಟು ದಿನ ಅದರ ಹಿಂದಿನಿಂದ ಲೋಕವನ್ನು ನೋಡುತ್ತಿದ್ದವಳು ಮೊದಲ ಸಲ ಅದನ್ನೇ ನೋಡುತ್ತಿದ್ದಳು.

ಹೆರೆಯುವ ಕತ್ತಿ ಕೈಗೆ ಬಂತು. ತೆಗೆಯೆಂದು ಅವನೇ ಹೇಳಿದ್ದ. ಅವಳು ಅಂಚಿನಿಂದ ಶುರು ಮಾಡಿದಳು. ಗಾಜಿಗೆ ತಾಗದಂತೆ, ಮೇಲಿನ ಪೊರೆಯನ್ನಷ್ಟೇ ಧೂಳಿಗಿಂತ ಸಣ್ಣದಾಗಿ ಹೆರೆಯುತ್ತ ಹೋದಳು. ಹೊರಗೆ ಚಕ್ಕಡಿಗಳು ಹೋದವು, ಹಮಾಲರು ಕೂಗಾಡಿದರು, ಯಾರೋ ಬಾಗಿಲು ಬಡಿದು ಹೋದರು. ಕಿಟಕಿಯನ್ನು ಅವಳು ಮುಟ್ಟಲಿಲ್ಲ. ಆ ಒಂದು ಹೊಳಪಿಲ್ಲದಿದ್ದರೆ ಕಣ್ಣಿಗೆ ಜೀವವಿರುವುದಿಲ್ಲ. ಮಾವ ಕಲಿಸಿದ ಪಾಠ ಅದು. ಬಿಸಿಲು ಗೋಡೆಗೆ ಏರುವ ಹೊತ್ತಿಗೆ ಪಾಪೆ ತಿಳಿಗಾಜಾಗಿ ನಿಂತಿತು. ಹೆರೆದ ಗುರುತೂ ಇರಲಿಲ್ಲ. ಇಷ್ಟು ನಯದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಜಯತೀರ್ಥ ಆ ಫೋಟೋವನ್ನು ಹಸಿಯಿರುವಾಗಲೇ ಅಂಗಳದ ಬಿಸಿಲಿಗೆ ತಂದ. ಅವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು.

"ಏನು ಕಣ್ಣು ಲೀಲಾ! ಬಾವ್ಯಾಗ ಬಗ್ಗಿ ನೋಡಿದಂಗ ಅದ. ರಾಯರಿಗೆ ತೋರಿಸ್ತೀನಿ."

"ಹೂಂ," ಎಂದಳು.

ಅವನು ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ. ನಗುತ್ತಿದ್ದ ಮುಖ ಮೆಲ್ಲಗೆ ನಗು ಬಿಟ್ಟಿತು.

"ಕಿಟಕಿ ಇಲ್ಲೇ ಅದಲ್ಲ."

"ಕಿಟಕಿ ಇರಬೇಕ್ರಿ. ಇಲ್ಲಂದ್ರ ಸತ್ತವರ ಕಣ್ಣಿನಂಗ ಕಾಣ್ತದ."

"ಮತ್ತ ನೀ ಹೆರದದ್ದೇನು?"

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. ಅದು ಕಲ್ಲಾಗಿರಲಿಲ್ಲ, ಅಕ್ಕಿಯಾಗಿತ್ತು. ಅವನು ಅದನ್ನೂ ನೋಡಿದ. ಒಳಗೆ ಹೋಗಿ ನೆಗೆಟಿವ್ ತಂದು ಬಿಸಿಲಿಗೆ ಓರೆಯಾಗಿ ಹಿಡಿದ. ನೇರ ಹಿಡಿದರೆ ಕಾಣದ ಗುರುತು ಓರೆಯಲ್ಲಿ ಕಂಡಿತು. ಪಾಪೆಯ ನಡುವೆ ಕಡಲೆಯಷ್ಟು ಜಾಗ ನೀರು ಸವರಿದಂತೆ ಮಿನುಗುತ್ತಿತ್ತು.

ಅವನು ನೆಗೆಟಿವನ್ನು ಕಟ್ಟೆಯ ಮೇಲಿಟ್ಟು ಅವಳೆದುರು ಕುಕ್ಕರುಗಾಲಿನಲ್ಲಿ ಕೂತ. ಎಡಗೈಯಿಂದ ಅವಳ ಎಡಗಣ್ಣು ಮುಚ್ಚಿದ. ಬಲಗೈಯ ಬೆರಳುಗಳನ್ನು ಎತ್ತಿ ಹಿಡಿದ.

"ಎಷ್ಟು ಬಟ್ಟವ?"

ಅವಳು ನೋಡಿದಳು. ಮಂಜಿನಲ್ಲಿ ಏನೋ ನಿಂತಿತ್ತು.

"ಮೂರು," ಎಂದಳು. ಸ್ವಲ್ಪ ತಡೆದು, "ಇಲ್ಲ, ನಾಕು."

ಅವನು ಎತ್ತಿದ್ದು ಎರಡು. ಅದನ್ನು ಅವನು ಹೇಳಲಿಲ್ಲ. ಕೈ ಇಳಿಸಿದ.

"ಯಾವಾಗಿಂದ?"

"ಹೋದ ಮಳಿಗಾಲದಿಂದ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಆ ಮೇಜಿಗೆ ಬ್ಯಾರೆಯವರನ್ನ ಹುಡುಕತಿದ್ರಿ." ಅವಳ ಧ್ವನಿಯಲ್ಲಿ ದೂರಿರಲಿಲ್ಲ. "ನಮ್ಮವ್ವನ್ನ ನೀವೂ ನೋಡೀರಿ. ಹಂಗ ಕಂಬಕ್ಕ ಆತು ಕೂಡೂದು ನನ್ನ ಕೈಲೆ ಆಗೂದಿಲ್ರಿ. ನನ್ನ ಮುಂದ ಕೂತು ಯಾರರ 'ಇಕಿ ಉಂಡಳೇನು' ಅಂದ್ರ ನಾ ಸತ್ತ ಹೋಗ್ತೀನಿ."

ಅವನು ನೆಗೆಟಿವನ್ನು ಮತ್ತೆ ಕೈಗೆತ್ತಿಕೊಂಡ. ಕಾಗೆಯೊಂದು ಕಟ್ಟೆಯ ತುದಿಗೆ ಬಂದು ಅಕ್ಕಿಯನ್ನು ನೋಡಿ, ಅವರಿಬ್ಬರನ್ನೂ ನೋಡಿ ಹಾರಿಹೋಯಿತು.

"ಗಾಜಿನ ತುಂಬ ಕಂಡಿತ್ತು ನನಗ," ಎಂದ ಕಡೆಗೆ. "ಬೋಗುಣಿಯಷ್ಟು ದೊಡ್ಡದು ಕಂಡಿತ್ತು. ಕಿಟಕಿ ಅಂದೆ."

ಮುಂದಿನ ವಾರ ಸ್ಟುಡಿಯೋಕ್ಕೆ ಬೀಗ ಹಾಕಿ ಇಬ್ಬರೂ ಹುಬ್ಬಳ್ಳಿಗೆ ಹೋದರು. ಕಣ್ಣಿನ ಡಾಕ್ಟರು ವಯಸ್ಸಾದವರು. ಅವರ ದವಾಖಾನೆಯ ಕಟ್ಟೆಯ ಮೇಲೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮಂದಿ ಸಾಲಾಗಿ ಕೂತಿದ್ದರು. ಡಾಕ್ಟರು ಬ್ಯಾಟರಿ ಹಿಡಿದು ಒಂದು ಕಣ್ಣು ನೋಡಿದರು, ಇನ್ನೊಂದನ್ನು ನೋಡಿದರು.

"ಮೋತಿಬಿಂದು. ಕಣ್ಣಿಗೆ ಪೊರಿ ಬಂದದ, ಇನ್ನೂ ಹಣ್ಣಾಗಿಲ್ಲ," ಎಂದರು. "ಹಣ್ಣಾಗೂತನ ಕೈ ಹಚ್ಚೂ ಹಂಗಿಲ್ಲ. ಮುಂದಿನ ಚಳಿಗಾಲಕ್ಕ ಕರಕೊಂಡ ಬರ್ರಿ."

"ಎಡಗಣ್ಣು?" ಎಂದ ಜಯತೀರ್ಥ.

"ಅದಕ್ಕೂ ಬರೂದದ. ಆದ್ರ ಸಾವಕಾಶ." ಕೈ ತೊಳೆಯುತ್ತ ಅವನತ್ತ ತಿರುಗಿ ಕೇಳಿದರು, "ಇವರು ಸಣ್ಣ ಕೆಲಸ ಏನರ ಮಾಡ್ತಾರೇನು? ಹೊಲಿಗಿ, ಕಸೂತಿ?"

ಜಯತೀರ್ಥ ಬಾಯಿ ತೆರೆದವನು ಮುಚ್ಚಿಕೊಂಡ. "ಅಕಿನ್ನ ಕೇಳ್ರಿ," ಎಂದ.

ಡಾಕ್ಟರು ಅವಳ ಕಡೆ ನೋಡಿದರು.

"ಫೋಟೋ ತಿದ್ದತೀನ್ರಿ," ಎಂದಳು ಲೀಲಾಬಾಯಿ. "ಪ್ಲೇಟಿನ ಮ್ಯಾಲೆ."

"ಅದು ಇನ್ನ ಬ್ಯಾಡವ್ವಾ."

ತಿರುಗಿ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಸೀಟು ಅವಳಿಗೆ ಸಿಕ್ಕಿತು. ನೇಗಿಲ ಕುಳಗಳ ಗಂಟು ಹೊತ್ತ ಒಬ್ಬ ಅವಳ ಬಲಮಗ್ಗುಲಿಗೆ ವಾಲಿ ವಾಲಿ ನಿಲ್ಲುತ್ತಿದ್ದ. ಗಂಟು ಎತ್ತ ತಿರುಗುತ್ತದೆಂಬುದು ಅವಳಿಗೆ ಕಾಣುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಜಯತೀರ್ಥ ಅದನ್ನು ನೋಡಿ ಎದ್ದು ಬಂದು, ಅವನಿಗೆ ತನ್ನ ಸೀಟು ಬಿಟ್ಟುಕೊಟ್ಟು, ಅವಳ ಬಲಕ್ಕೆ ಇಕ್ಕಟ್ಟಿನಲ್ಲಿ ಕೂತ.

"ಪೆನ್ಸಿಲ್ ನಾ ಹಿಡೀತೀನಿ," ಎಂದ ಆಮೇಲೆ. "ನೀ ಬಾಜೂಕ ಕೂತು ಹೇಳು. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು."

"ನಿಮ್ಮ ಕೈ ಭಾರ ಅದರಿ."

"ಗೊತ್ತದ."

"ಕತ್ತಿ ಹಿಡದ್ರಿ ಅಂದ್ರ ಗಾಜ ಕೊರದು ಹಾಕ್ತೀರಿ."

"ಹಾಕ್ತೀನಿ. ನೀ ಬೈಯಿ."

ಅವಳಿಗೆ ಸಣ್ಣಗೆ ನಗು ಬಂತು. ಎಷ್ಟು ದಣಿದಿದ್ದಳೆಂದರೆ ಆ ನಗು ತುಟಿಯವರೆಗೆ ಬರಲು ಹೊತ್ತು ಹಿಡಿಯಿತು.

ನವಲಗುಂದದಲ್ಲಿ ಬಸ್ಸು ನಿಂತಿತು. ಅವನು ಇಳಿದು ಹುರಿದ ಶೇಂಗಾದ ಪೊಟ್ಟಣ ತಂದ. ಬಸ್ಸು ಹೊರಟ ಮೇಲೆ ಕರಿಮಣ್ಣಿನ ಬಯಲು ಎರಡೂ ಕಡೆ ಬಿಚ್ಚಿಕೊಳ್ಳುತ್ತ ಹೋಯಿತು, ಅರಳಿದ ಹತ್ತಿ ಅಲ್ಲಲ್ಲಿ ಬೆಳ್ಳಗೆ. ಅವನು ಒಂದೊಂದೇ ಕಾಯಿ ಒಡೆದು, ಬೆರಳ ನಡುವೆ ಸಿಪ್ಪೆ ತಿಕ್ಕಿ ಊದಿ, ಕಾಳನ್ನು ಅವಳ ಅಂಗೈಗೆ ಹಾಕುತ್ತಿದ್ದ. ಅವಳು ಕಿಟಕಿಯಾಚೆ ನೋಡುತ್ತಲೇ ಒಂದೊಂದಾಗಿ ತಿನ್ನುತ್ತಿದ್ದಳು. ಊದಿದ ಕೆಂಪು ಸಿಪ್ಪೆ ಗಾಳಿಗೆ ತಿರುಗಿ ಬಂದು ಅವನ ಮೀಸೆಗೂ ಅಂಗಿಗೂ ಅಂಟುತ್ತಿತ್ತು. ಅವನು ಕೊಡವಿಕೊಳ್ಳಲಿಲ್ಲ.